ಅತ್ತೆಯ ಮನೆಯಲ್ಲಿ ಕೊರಿಯನ್ ಪಾಠ

ಕರ್ಪೂರದ ವಾಸನೆ ಬಂದರೆ ಎಲ್ಲರಿಗೂ ದೇವರು ನೆನಪಾಗುತ್ತಾನೆ. ನನಗೆ ಕೊರಿಯನ್ ಭಾಷೆ ನೆನಪಾಗುತ್ತದೆ. ಹೋದ ವಾರ ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಸೀರೆಯನ್ನು ಮೊಣಕಾಲಿನ ತನಕ ಸರಿಸಿ, ಸಣ್ಣ ಸೀಸೆಯಿಂದ ಎಣ್ಣೆ ಸುರಿದುಕೊಂಡು ಉಜ್ಜತೊಡಗಿದಳು. ಎಳ್ಳೆಣ್ಣೆಯಲ್ಲಿ ಕರ್ಪೂರ ಹಾಕಿ ಕಾಯಿಸಿದ್ದು, ನೂರು ಜನರ ನಡುವೆ ಇಟ್ಟರೂ ನನಗೆ ಗುರುತು ಸಿಗುತ್ತದೆ. ದೋರನಹಳ್ಳಿ ಬರುವುದರೊಳಗೆ ಮರೆತೇಹೋಗಿವೆ ಎಂದುಕೊಂಡಿದ್ದ ಕೊರಿಯನ್ ಮಾತುಗಳು ಒಂದರ ಹಿಂದೊಂದು ನಾಲಿಗೆಗೆ ಬಂದು ನಿಂತವು.

"ಯಾವೂರಾಕಿ ಯವ್ವಾ?" ಎಂದು ಮುದುಕಿ ಪ್ರೀತಿಯಿಂದಲೇ ಕೇಳಿದಳು. "ಶಹಾಪುರ ರೀ," ಎಂದವಳೇ ಕಿಟಕಿಯ ಕಡೆ ಮುಖ ತಿರುಗಿಸಿದೆ. ಪಾಪ, ಅವಳ ತಪ್ಪೇನೂ ಇರಲಿಲ್ಲ. ಆದರೆ ಆ ವಾಸನೆಗೆ ನನ್ನ ಮೈ ಉರಿಯುತ್ತದೆ.

ನಾನು ಈಗ ಯಾದಗಿರಿಯ ಒಂದು ಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ. ಹಿಂದಿ ನನಗೆ ಇಷ್ಟವಿಲ್ಲ, ಮಕ್ಕಳಿಗೂ ಇಲ್ಲ, ಹೀಗಾಗಿ ನಮ್ಮ ನಡುವೆ ಜಗಳವಿಲ್ಲ. ಹಿಂದಿನ ಬೆಂಚಿನ ಹುಡುಗಿಯರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕೊರಿಯನ್ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದುಕೊಂಡಿರುತ್ತಾರೆ. ಅರ್ಧ ತಪ್ಪಿರುತ್ತದೆ. "ಮಿಸ್, ಅಲ್ಲಿನೂ ಅಪ್ಪಗ ಅಪ್ಪಾ ಅಂತಾರಂತರಿ!" ಎಂದು ಕಣ್ಣರಳಿಸಿ ಹೇಳುತ್ತಾರೆ. ಊರಿಗೆಲ್ಲ ಗೊತ್ತಿರುವ ಕೊರಿಯನ್ ಅದೊಂದೇ. ನಾನು "ಹೌದೇನು" ಎಂದು ಮುಂದೆ ಹೋಗುತ್ತೇನೆ. ತಪ್ಪು ತಿದ್ದಲು ಕೈ ತುರಿಸುತ್ತದೆ, ತಿದ್ದುವುದಿಲ್ಲ.

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ವರ್ಷ ಅದು. ಶಹಾಪುರದಲ್ಲಿ ಅಪ್ಪನದು ಬೀಜ ಗೊಬ್ಬರದ ಅಂಗಡಿ. ನಾನು ಬರೆದ ನೌಕರಿಯ ಪರೀಕ್ಷೆಯ ಫಲಿತಾಂಶ ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಅಣ್ಣ ಬಿಟ್ಟುಕೊಟ್ಟ ಗಾಜು ಒಡೆದ ಫೋನು ನನ್ನ ಪಾಲಿಗೆ ಬಂದಿತ್ತು, ಅದರಲ್ಲಿ ಯಾವಾಗಲೋ ಇಳಿಸಿದ್ದ ಒಂದು ಆಟ ಇತ್ತು. ಕೊರಿಯಾದ ಒಂದು ಬಂದರಿನಲ್ಲಿ ನಾವು ಖಾನಾವಳಿ ನಡೆಸಬೇಕು. ಗಿರಾಕಿಗಳು ಬಂದು ಏನು ಬೇಕೆಂದು ಹೇಳುತ್ತಾರೆ, ಅದನ್ನು ಓದಿ ತಿಳಿದು ಬಡಿಸಬೇಕು. ತಡವಾದರೆ ಎದ್ದು ಹೋಗುತ್ತಾರೆ. ಅಲ್ಲೊಬ್ಬಳು ಅಜ್ಜಿ ಬರುತ್ತಿದ್ದಳು, ಏನು ಕೊಟ್ಟರೂ ಬೈಯುವವಳು, "ಪಲ್ಲಿ ಪಲ್ಲಿ" ಎಂದು ಟೇಬಲ್ ಕುಟ್ಟುವವಳು. ಪಲ್ಲಿ ಅಂದರೆ ಲಗೂನ, ಬೇಗ. ಅವಳು ಏನೆಂದು ಬೈಯುತ್ತಾಳೆ ಎಂಬುದನ್ನು ತಿಳಿಯಬೇಕೆಂಬ ಹಟಕ್ಕೆ ನಾನು ಅಕ್ಷರ ಕಲಿತೆ.

ಅಕ್ಷರ ಸುಲಭ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತು ಕೊಡುವ ಹಾಗೆ ಅವರೂ ಕೆಳಗೊಂದು ಅಕ್ಷರ ಕೂಡಿಸುತ್ತಾರೆ. ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬರುತ್ತದೆ. ಆಟದಿಂದ ಮಕ್ಕಳ ಕಥೆಗಳಿಗೆ ಬಂದೆ, ಅಲ್ಲಿಂದ ಚಿತ್ರಕಥೆಗಳಿಗೆ, ಮುಂದೆ ಚಿತ್ರವಿಲ್ಲದ ಪುಸ್ತಕಗಳಿಗೆ. ಗೊಬ್ಬರದ ಅಂಗಡಿಯ ಗಲ್ಲಾದ ಹಿಂದೆ ಕೂತು ಓದುತ್ತಿದ್ದೆ. ಯಾರೂ ಹೇಳಿಕೊಡದೆ, ಯಾರ ಅಪ್ಪಣೆಯನ್ನೂ ಕೇಳದೆ ನಾನು ಪಡೆದುಕೊಂಡ ಮೊದಲ ವಸ್ತು ಆ ಭಾಷೆ. ಆ ವರ್ಷದಂಥ ಸುಖವನ್ನು ನಾನು ಮತ್ತೆ ಕಂಡಿಲ್ಲ.

ದಸರೆಯ ಹೊತ್ತಿಗೆ ಹೈದರಾಬಾದಿನಲ್ಲಿ ಕೊರಿಯನ್ ಭಾಷೆಯ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದರೆ ಕೊರಿಯಾದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದಿತ್ತು. ಅಪ್ಪನಿಗೆ ಹೇಳಿದೆ. ಅವನು ಅಂಗಡಿಯ ಚೀಲಗಳನ್ನು ಎಣಿಸಿ ಮುಗಿಸಿ, "ನಿನಗ ಬರ್ತದಂದ್ರ ಬರಿ. ನಾನೇ ಕರ್ಕೊಂಡು ಹೋಗ್ತೀನಿ," ಎಂದ. ಅಪ್ಪ ಮಾತು ಕೊಟ್ಟರೆ ನಡೆಸುವ ಮನುಷ್ಯ. ಅವನ ಅಕ್ಕನ ಮುಂದೆ ಮಾತ್ರ ನಡೆಸಲಾರ, ಅದು ನನಗೆ ಆಗ ಗೊತ್ತಿರಲಿಲ್ಲ.

ಕಾರಹುಣ್ಣಿಮೆ ಮುಂದಿರುವಾಗ ಸುರಪುರದಿಂದ ಸುದ್ದಿ ಬಂತು. ನೀಲಮ್ಮತ್ತೆ, ಅಪ್ಪನ ಅಕ್ಕ, ಅಂಗಳ ತೊಳೆಯುತ್ತಿದ್ದಾಗ ಪರಸಿ ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಮನೆಯಲ್ಲಿ ಮಾವ ಮತ್ತು ಮಗ ವೀರೇಶ, ಇಬ್ಬರೇ. ರೊಟ್ಟಿ ಬಡಿಯುವವರು ಯಾರು? ನನ್ನನ್ನು ಕಳಿಸಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ನಾನು ಹುಟ್ಟಿದ ದಿನವೇ ನೀಲಮ್ಮತ್ತೆ ತೊಟ್ಟಿಲಲ್ಲಿ ಇಣುಕಿ, "ಇಕಿ ನಮ್ಮ ವೀರೇಶಗ," ಎಂದಿದ್ದಳಂತೆ. ಅತ್ತೆಯ ಮಗನಿಗೆ ಸೋದರಮಾವನ ಮಗಳು ಎಂದರೆ ನಮ್ಮ ಕಡೆ ಅದು ಕೇಳುವ ಮಾತಲ್ಲ, ಇದ್ದೇ ಇರುವ ಮಾತು. ಹತ್ತಿಗೂಡೂರಿನ ಮೇಲೆ ಹಾಯ್ದು ಹೋಗುವ ಬಸ್ಸಿಗೆ ಅವ್ವ ನನ್ನನ್ನು ಹತ್ತಿಸಿದಳು. ಚೀಲದಲ್ಲಿ ನನ್ನ ಬಟ್ಟೆಯ ಜೊತೆ ಅತ್ತೆಗೆಂದು ಕರ್ಪೂರದ ಎಣ್ಣೆಯ ಸೀಸೆ ಇತ್ತು.

ವೀರೇಶ ಡಿಪ್ಲೊಮಾ ಮುಗಿಸಿದ್ದ. ಚೆನ್ನೈ ಹತ್ತಿರ ಕೊರಿಯಾದವರ ಒಂದು ಕಂಪನಿ ಹುಡುಗರನ್ನು ಆರಿಸಿಕೊಳ್ಳುತ್ತಿತ್ತು. ಅವರ ಮಾತು ಕಲಿತು ಬಂದವರನ್ನು ನೇರವಾಗಿ ಕೊರಿಯಾಕ್ಕೇ ಕೆಲಸಕ್ಕೆ ಕಳಿಸುತ್ತಾರಂತೆ. ದಸರೆಯಾದ ಮೇಲೆ ಬಂದು ಮಾತಾಡಿ ತೋರಿಸಬೇಕು. ನಾನು ಹೋದ ದಿನವೇ ಅವನು ಬಾಗಿಲಲ್ಲಿ ನಿಂತು, "ಏ ಲೀಲಾ, ನಿನಗ ಕೊರಿಯಾ ಬರ್ತದಂತ ಖರೇ ಏನು?" ಎಂದ. ಚಹಾ ಕುಡಿದೆಯಾ ಎಂದೂ ಕೇಳಲಿಲ್ಲ.

ಪಾಠ ಶುರುವಾಯಿತು. ಬೆಳಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಅವನು ಹೊಸ್ತಿಲ ಮೇಲೆ ಕೂತು ಹೇಳಿದ್ದನ್ನು ಹೇಳುತ್ತಿದ್ದ. ಮಧ್ಯಾಹ್ನ ಅತ್ತೆಯ ಮಂಚದ ಪಕ್ಕದಲ್ಲಿ ಕೂತು ಆಟ. ಅವನ ಬೆರಳು ಚುರುಕು, ತಲೆ ಸೋಮಾರಿ. ಗಿರಾಕಿ ಏನು ಕೇಳಿದನೆಂದು ಓದುವುದೇ ಇಲ್ಲ, ಪಕ್ಕದಲ್ಲಿರುವ ತಾಟಿನ ಚಿತ್ರ ನೋಡಿ ಒತ್ತಿಬಿಡುತ್ತಿದ್ದ. ಖಾನಾವಳಿ ಭರ್ಜರಿಯಾಗಿ ನಡೆಯುತ್ತಿತ್ತು, ಭಾಷೆ ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ಸಿಟ್ಟು ಬಂದು ನನ್ನ ಹಣೆಯ ಟಿಕಳಿ ಕಿತ್ತು ಫೋನಿನ ಗಾಜಿನ ಮೇಲೆ, ಚಿತ್ರ ಬರುವ ಜಾಗಕ್ಕೆ ಸರಿಯಾಗಿ ಅಂಟಿಸಿದೆ.

"ಈಗ ಓದು."

"ಏನ ಹುಡುಗಿ ಅದಿಯೋ ಮಾರಾಯ್ತಿ," ಎಂದು ನಕ್ಕ. ಆದರೆ ಓದಿದ. ಅಂದಿನಿಂದ ಪಾಠದ ಹೊತ್ತಿಗೆ ನನ್ನ ಟಿಕಳಿ ಫೋನಿಗೆ, ನನ್ನ ಹಣೆ ಖಾಲಿ.

ದೊಡ್ಡವರೊಡನೆ ಆಡುವ ಮಾತಿಗೆ ಅಲ್ಲಿ ಒಂದು ಬಾಲ ಹಚ್ಚಬೇಕು, ನಮ್ಮ "ರಿ" ಇದ್ದಂತೆ. ಅದು ಅವನಿಗೆ ಹತ್ತುತ್ತಲೇ ಇರಲಿಲ್ಲ.

"ಎಲ್ಲಾರಿಗೂ ರೀ ಅಂತ ಹಚ್ಚಬೇಕೇನು?"

"ಹಚ್ಚಬೇಕು. ಇಲ್ಲಾಂದ್ರ ಮೊದಲನೇ ದಿನಾನೇ ಅವರು ನಿನ್ನ ವಾಪಸ್ ಸುರಪುರಕ್ಕ ಕಳಿಸ್ತಾರ."

"ನೀ ನನಗ ಹಚ್ತೀಯೇನು?"

"ಮೊದಲ ನೀ ಪಾಸಾಗು. ಆಮ್ಯಾಲ ನೋಡೋಣ."

ಅತ್ತೆ ಮಂಚದ ಮೇಲೆ ಮಲಗಿ ಇದನ್ನೆಲ್ಲ ಕೇಳುತ್ತಿದ್ದಳು. ಶಾಲೆಯ ಮುಖ ಕಂಡವಳಲ್ಲ. ಆದರೆ ಪ್ರತಿ ಶ್ರಾವಣದಲ್ಲಿ ಗುಡಿಯಲ್ಲಿ ಕೂತು ಪುರಾಣ ಕೇಳಿ, ಮನೆಗೆ ಬಂದು ಮಾವನಿಗೆ ಒಂದು ಮಾತು ಬಿಡದಂತೆ ಒಪ್ಪಿಸುವ ಕಿವಿ ಅವಳದು. ಮಗ ಮೂರು ಸಲ ತಪ್ಪಿದ್ದನ್ನು ಅವಳು ಮಂಚದಿಂದಲೇ ಸರಿಯಾಗಿ ಹೇಳಿ, "ದೊಡ್ಡ ಇಂಜಿನಿಯರ್!" ಎಂದು ಅಣಕಿಸುತ್ತಿದ್ದಳು. ನೀರು ಬೇಕಾದರೆ "ಲೀಲಾ, ಮುಲ್ ತಾ," ಎನ್ನುವಳು. ಹಸಿವಾದರೆ "ಪಾಪ್ ಆತೇನು?" ನಾನು ತಡ ಮಾಡಿದರೆ ಆಟದ ಅಜ್ಜಿಯ ಹಾಗೆ ಮಂಚ ಕುಟ್ಟಿ, "ಪಲ್ಲಿ ಪಲ್ಲಿ!" ನಾವು ಮೂವರೂ ನಕ್ಕು ಸುಸ್ತಾಗುತ್ತಿದ್ದೆವು. ಅವಳ ಕಾಲಿಗೆ ಎಣ್ಣೆ ಉಜ್ಜುತ್ತ ನಾನು ಅಂಗಾಂಗಗಳ ಹೆಸರು ಹೇಳುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡು ಹಿಂದೆ ಹೇಳುತ್ತಿದ್ದಳು. ನನ್ನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಇತ್ತು. ಅದೇ ನನಗೆ ಇವತ್ತಿಗೂ ತಡೆಯಲಾಗದ ಸಂಗತಿ.

ಆ ವರ್ಷ ಮುಂಗಾರು ಮೊದಲು ಮುಖ ತೋರಿಸಲಿಲ್ಲ, ಬಂದಾಗ ಹಿಡಿದ ಮಳೆ ಬಿಡಲಿಲ್ಲ. ಅತ್ತೆಯದು ಹಳೆಯ ಮಣ್ಣಿನ ಮಾಳಿಗೆ ಮನೆ. ಸೋರುವ ಕಡೆಯೆಲ್ಲ ಕೊಡ, ಬೋಗೋಣಿ, ತಂಬಿಗೆ ಇಟ್ಟು, ತುಂಬಿದ್ದನ್ನು ಚೆಲ್ಲಿ, ಮತ್ತೆ ಇಡುತ್ತಿದ್ದೆ. ಹೊಲದಿಂದ ಮಾವ ಬಂದರೆ ಎರಿ ಮಣ್ಣು ಅವನ ಕಾಲಿಗೆ ಇನ್ನೊಂದು ಜೋಡು ಚಪ್ಪಲಿಯಷ್ಟು ಮೆತ್ತಿರುತ್ತಿತ್ತು. ಅದನ್ನು ಕೆರೆದು ತೊಳೆಯುವುದೂ ನನ್ನದೇ ಕೆಲಸ. ಬಟ್ಟೆ ಒಣಗುತ್ತಿರಲಿಲ್ಲ, ಕಟ್ಟಿಗೆ ಹೊತ್ತುತ್ತಿರಲಿಲ್ಲ. ಗ್ಯಾಸ್ ಒಲೆ ಇತ್ತು, ಆದರೆ ಗ್ಯಾಸಿನ ಮೇಲಿನ ರೊಟ್ಟಿ ಮಾವನ ಗಂಟಲಿಗೆ ಇಳಿಯುತ್ತಿರಲಿಲ್ಲ. ನನ್ನ ಸ್ವಂತ ಓದು ಹಿಂದೆ ಬೀಳತೊಡಗಿತು. ಅವನಿಗೆ ಹೇಳಿಕೊಡುವುದೆಲ್ಲ ನನಗೆ ಯಾವಾಗಲೋ ಬಂದಿದ್ದ ಪಾಠ, ನನ್ನ ಪರೀಕ್ಷೆಗೆ ಬೇಕಾದದ್ದು ಅದರ ಆಚೆಗಿತ್ತು.

ಶ್ರಾವಣದಲ್ಲಿ ಓಣಿಯ ಹೆಂಗಸರು ಅತ್ತೆಯನ್ನು ನೋಡಲು ಬಂದರೆ, "ನಮ್ಮ ಸೊಸಿ, ಕೊರಿಯಾ ಭಾಷಾ ಕುಡದಾಳ," ಎಂದು ತೋರಿಸುತ್ತಿದ್ದಳು. ನನಗೂ ಹಿಗ್ಗು. ವೀರೇಶ ಒಂದು ಸಂಜೆ ಒಂದಿಡೀ ಪುಟವನ್ನು ತಡವರಿಸದೆ ಓದಿ ಮುಗಿಸಿ, ಪುಸ್ತಕ ಮುಚ್ಚಿ, "ಅಲ್ಲಿ ನೀ ಬಾಜೂಕ ಇಲ್ದಿದ್ರ ನನಗ ಅಂಗಡ್ಯಾಗ ಉಪ್ಪು ಕೇಳಾಕೂ ಬರಂಗಿಲ್ಲ ನೋಡು," ಎಂದ. ಮಳೆ ಜೋರಾಗಿತ್ತು, ನಾನು ತಂಬಿಗೆಯ ನೀರು ಚೆಲ್ಲುವ ನೆವದಲ್ಲಿ ಎದ್ದು ಹೋದೆ. ಆ ಮಾತನ್ನು ಎಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆನೋ. ಕೊರಿಯಾದ ಬಂದರಿನ ಊರಿನಲ್ಲಿ ನಾನು ಉಪ್ಪು ಕೊಳ್ಳುತ್ತಿರುವಂತೆ, ಅಂಗಡಿಯವಳು ಎಲ್ಲಿ ಕಲಿತೆ ಎಂದು ಬೆರಗಿನಿಂದ ಕೇಳಿದಂತೆ ಹಗಲುಗನಸು ಕಾಣುತ್ತಿದ್ದೆ.

ದಸರೆ ಮುಗಿಯಿತು. ಅವನು ಚೆನ್ನೈಗೆ ಹೋಗಬೇಕಾದ ದಿನಗಳಲ್ಲೇ ನನ್ನ ಹೈದರಾಬಾದಿನ ಪರೀಕ್ಷೆ ಬಂತು. ಮಗನ ಜೊತೆ ಮಾವನೂ ಹೊರಟಿದ್ದ. ಅತ್ತೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಅಷ್ಟೆ. ಅಪ್ಪ ಕೊಟ್ಟ ಮಾತಿನಂತೆ ನನ್ನನ್ನು ಕರೆದೊಯ್ಯಲು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಪರೀಕ್ಷೆ ಅವನಿಗೇ ಇದ್ದ ಹಾಗೆ.

"ಅಕ್ಕಾ, ಹುಡುಗಿಗಿ ಪರೀಕ್ಷಾ ಅದ. ಎರಡೇ ದಿನ, ಹೋಗಿ ಬಂದುಬಿಡ್ತೀವಿ. ಅಲ್ಲಿ ತನಕ ಆಕಿ ಅವ್ವ ಬಂದು ಇರ್ತಾಳ," ಎಂದ.

"ಹೋಗ್ರಿ ತಮ್ಮಾ, ಹೋಗ್ರಿ. ಯಾರೂ ಬರೂದು ಬ್ಯಾಡ. ನಾ ಹ್ಯಾಂಗರ ತೆವಳಿಕೋತ ಬಚ್ಚಲಕ ಹೋಗ್ತೀನಿ," ಎಂದಳು ಅತ್ತೆ. ಅಪ್ಪ ತಲೆ ತಗ್ಗಿಸಿದ. ಅವಳು ಅಷ್ಟಕ್ಕೇ ಬಿಡಲಿಲ್ಲ. "ಒಂದ ಮನಿಗಿ ಎರಡು ಪರೀಕ್ಷಾ ಎದಕ್ಕ ಬೇಕು? ಅಂವ ಪಾಸಾಗಿ ಹೋದ್ರ ಇಕಿನ್ನ ಇಲ್ಲೇ ಬಿಟ್ಟು ಹೋಗ್ತಾನೇನು? ಇಂಜಿನ್ ಹೋದಮ್ಯಾಲ ಡಬ್ಬಿ ಹಿಂದ ಹೋಗಂಗಿಲ್ಲೇನು?"

ಅಪ್ಪ, "ಹಂಗಿದ್ರ ಅಕ್ಕಾ, ಅಂವ ಹೋಗೂದರೊಳಗ ಒಂದು ನಿಶ್ಚಯರ ಮಾಡಿಬಿಡೋಣೇನು? ನಾಕು ಮಂದಿ ಮುಂದ," ಎಂದ.

ಅತ್ತೆಯ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. "ನಮ್ಮ ನಮ್ಮೊಳಗ ನಿಶ್ಚಯ ಮಾಡ್ಕೊಬೇಕೇನು ತಮ್ಮಾ? ನಿನ್ನ ಅಕ್ಕನ ಮಾತಿಗಿ ಸಾಕ್ಷಿ ಬೇಕಾತೇನು ನಿನಗ?"

ಅಕ್ಕ ಅತ್ತಳು, ಅಪ್ಪ ಕರಗಿದ. ಚಿಕ್ಕಂದಿನಲ್ಲಿ ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳು, ಆ ಹಂಗು ಅವನ ಕುತ್ತಿಗೆಯಿಂದ ಇಳಿಯಲೇ ಇಲ್ಲ. ನನ್ನ ಕಡೆ ತಿರುಗಿ, "ಮುಂದಿನ ವರ್ಷ ಬರಿಯವ್ವ," ಎಂದ. ನಾನು ಬಡಿಸಿದ ರೊಟ್ಟಿ ಉಂಡು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಸಂಜೆಯ ಬಸ್ಸಿಗೆ ವಾಪಸ್ ಹೋದ. ಅತ್ತೆಯ ಮೇಲಿನ ಸಿಟ್ಟಿಗಿಂತ ಅಪ್ಪನ ಮೇಲಿನ ಸಿಟ್ಟು ನನಗೆ ಹೆಚ್ಚು ದಿನ ಉಳಿಯಿತು. ಪರೀಕ್ಷೆಯ ದಿನ ಬೆಳಗ್ಗೆ ನಾನು ಅತ್ತೆಯ ತಲೆಗೆ ನೀರು ಹಾಕುತ್ತಿದ್ದೆ.

ವೀರೇಶ ಪಾಸಾದ. ಅವನ ಉಚ್ಚಾರ ಕೇಳಿ ಅಲ್ಲಿದ್ದ ಕೊರಿಯಾದವನು, ಯಾವ ಶಾಲೆಯಲ್ಲಿ ಕಲಿತೆ ಎಂದನಂತೆ. "ನೀ ಏನಂದಿ?" ಎಂದು ಕೇಳಿದೆ. "ಮನ್ಯಾಗ ಕಲ್ತೀನಿ ಅಂದೆ," ಎಂದ. ನನಗೆ ಅದೂ ಚೆನ್ನಾಗಿಯೇ ಕೇಳಿಸಿತು, ಮನೆ ಅಂದರೆ ನಾನೇ ಎಂದುಕೊಂಡೆ. ಓಣಿಗೆಲ್ಲ ಪೇಡೆ ಹಂಚಿದ್ದೂ ನಾನೇ.

ಕಾರ್ತಿಕದಲ್ಲಿ ಹೋದ. ಮೊದಮೊದಲು ದಿನವೂ ಫೋನು. ಬಟ್ಟೆ ತೊಳೆಯುವ ಮಷೀನಿನ ಗುಂಡಿಗಳ ಮುಂದೆ ಕ್ಯಾಮೆರಾ ಹಿಡಿದು, "ಇದರಾಗ ಯಾವುದು ಒತ್ಲಿ?" ಎನ್ನುವನು. ಅಂಗಡಿಗೆ ಹೋದರೆ ಪುಡಿಕೆಗಳನ್ನು ಒಂದೊಂದಾಗಿ ಹಿಡಿದು ತೋರಿಸುವನು, ನಾನು ಸುರಪುರದ ಒಲೆಯ ಮುಂದೆ ಕೂತು ಇದು ಸಕ್ಕರೆ, ಇದು ಉಪ್ಪು, ಅದರಲ್ಲಿ ಹಂದಿ ಮಾಂಸ ಇದೆ ಮುಟ್ಟಬೇಡ ಎಂದು ಹೇಳುತ್ತಿದ್ದೆ. ಹೀಗೆ ನಾನು ಕೊರಿಯಾ ನೋಡಿದೆ. ಆಮೇಲೆ ಫೋನು ಎರಡು ದಿನಕ್ಕೊಮ್ಮೆ ಆಯಿತು, ನಂತರ ಅತ್ತೆಯ ಫೋನಿಗೆ ಮಾತ್ರ ಬರತೊಡಗಿತು. ಉಪ್ಪು ಕೇಳಲು ಅವನಿಗೆ ಬರುತ್ತಿತ್ತು.

ಅತ್ತೆಯ ಕಾಲು ವಾಸಿಯಾಗಿತ್ತು. ಆದರೂ "ಮನಿ ಹುಡುಗಿ, ಇಲ್ಲೇ ಇರ್ಲಿ," ಎಂದಳು, ನಾನು ಇದ್ದೆ. ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಎರಡು ವರ್ಷದ ಮೇಲೆ ಅವನು ರಜೆಗೆ ಬಂದು, ನರ್ಸಿಂಗ್ ಕಲಿತ ಬೇರೆ ಊರಿನ ಹುಡುಗಿಯನ್ನು ಮದುವೆಯಾಗಿ, ಅವಳನ್ನು ಕರೆದುಕೊಂಡು ಹೋದ. ನಮಗೂ ಲಗ್ನಪತ್ರ ಬಂತು, ಹೋಗಿ ಊಟ ಮಾಡಿ ಬಂದೆವು. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಕಟ್ಟದೇ ಇದ್ದ ಗಂಟನ್ನು ಬಿಚ್ಚಿದರೆಂದು ಯಾರ ಮುಂದೆ ದೂರುವುದು? ಮುಂದಿನ ವರ್ಷ ಬರೆಯೆಂದು ಅಪ್ಪ ಹೇಳಿದ್ದ ಪರೀಕ್ಷೆಯನ್ನು ನಾನು ಬರೆಯಲಿಲ್ಲ. ಪುಸ್ತಕ ತೆರೆದರೆ ಪ್ರತಿ ಶಬ್ದವೂ ಅತ್ತೆಯ ಮನೆಯ ಒಂದೊಂದು ಪಾತ್ರೆಗೆ, ಒಂದೊಂದು ಮೂಲೆಗೆ ಅಂಟಿಕೊಂಡೇ ಬರುತ್ತಿತ್ತು.

ಆದರೆ ಹೀಗಾಗುತ್ತದೆಂದು ನನಗೆ ತಿಳಿದದ್ದು ಲಗ್ನಪತ್ರ ಬಂದಾಗಲ್ಲ. ಅವನು ಹೋದ ವರ್ಷವೇ, ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ತಿಳಿದಿತ್ತು.

ಅಂದು ಅತ್ತೆಯ ಹೊಲಕ್ಕೆ ನಮ್ಮವರೆಲ್ಲ ಬಂದಿದ್ದರು, ಅಪ್ಪ ಅವ್ವ ಕೂಡ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಲ್ಲ ಬುಟ್ಟಿ ತುಂಬ ಕಟ್ಟಿಕೊಂಡು ಹೋಗಿದ್ದೆವು. ಜೋಳ ಎದೆಯೆತ್ತರ ನಿಂತಿತ್ತು. ಮಾವ ಹೊಲದ ಸುತ್ತ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದ ಮೇಲೆ ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತರು. ನಾನು ಬಡಿಸುತ್ತಿದ್ದೆ. ಆಗ ವೀರೇಶನ ವಿಡಿಯೊ ಕರೆ ಬಂತು. ಫೋನು ಕೈಯಿಂದ ಕೈಗೆ ಹೋಯಿತು, ಎಲ್ಲರೂ ಹೋಳಿಗೆ ತೋರಿಸಿ ಅವನ ಹೊಟ್ಟೆ ಉರಿಸಿದರು. ಕೊನೆಗೆ ಅತ್ತೆ ನನ್ನ ಮುಖದ ಮುಂದೆ ಹಿಡಿದು, "ನಿನ್ನ ಮಾಸ್ತರಿಣಿ ನೋಡಪ್ಪಾ," ಎಂದಳು. ನನ್ನ ಕೈಯಲ್ಲಿ ಪಲ್ಯದ ಪಾತ್ರೆ ಇತ್ತು. ಅಷ್ಟರಲ್ಲಿ ಅವನ ಹಿಂದಿನಿಂದ ಕೊರಿಯಾದ ಹುಡುಗನೊಬ್ಬ ಇಣುಕಿ, ಯಾರಿದು ಎಂದು ಅವರ ಮಾತಿನಲ್ಲಿ ಕೇಳಿದ.

ವೀರೇಶ ಅವನ ಕಡೆ ತಿರುಗಿ ಉತ್ತರ ಕೊಟ್ಟ. ಒಂದು ಕ್ಷಣ ನನಗೆ ಕೇಳಿಸಿದ್ದು ಅವನ ಉಚ್ಚಾರ ಮಾತ್ರ. ಎಲ್ಲೂ ತಡವರಿಸಲಿಲ್ಲ, ಕೊನೆಯಲ್ಲಿ "ರಿ" ಕೂಡ ಬಿಡಲಿಲ್ಲ. ಭೇಷ್ ಎನ್ನಬೇಕೆನಿಸಿತು. ಅರ್ಥ ಆಮೇಲೆ ಬಂತು. ಮನೆಯಲ್ಲಿ ಕೆಲಸ ಮಾಡುವವಳು ಎಂದಿದ್ದ. ನನಗೆ ಆ ಭಾಷೆ ಬರುತ್ತದೆ ಎಂಬುದನ್ನೇ ಅವನು ಮರೆತಿದ್ದ.

"ಏನಂದ್ರವ್ವಾ ಅವರು?" ಎಂದು ಅಪ್ಪ ಬಾಯಲ್ಲಿ ತುತ್ತು ಇಟ್ಟುಕೊಂಡೇ ಹುರುಪಿನಿಂದ ಕೇಳಿದ. ಮಗಳು ಪರದೇಶದ ಮಾತು ತಿಳಿಸಿ ಹೇಳುವುದನ್ನು ನಾಲ್ಕು ಜನರ ಮುಂದೆ ಕೇಳುವ ಆಸೆ ಅವನಿಗೆ. ನಾನು ಪಲ್ಯದ ಪಾತ್ರೆಗೆ ಸೌಟು ಹಾಕಿದೆ.

"ಇನ್ನೇನಂತಾನ? ನಮ್ಮ ಸೋದರಮಾವನ ಮಗಳು ಅಂದ," ಎಂದಳು ಅತ್ತೆ. ಅಪ್ಪ ಸಂತೋಷದಿಂದ ತಲೆಯಾಡಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅತ್ತೆ ಊಹಿಸಿ ಹೇಳಿದಳೆಂದುಕೊಂಡೆ. ಉಳಿದವರಿಗೆಲ್ಲ ಪಲ್ಯ ಬಡಿಸಿ ಮುಗಿಸಿದೆ.

ಸಂಜೆ ಎಲ್ಲರೂ ಅವರವರ ಊರಿಗೆ ಹೋದರು. ನಾನು ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅತ್ತೆ ಬಂದು ಕಟ್ಟೆಯ ಮೇಲೆ ಕೂತಳು. "ಸಿಟ್ಟಿಗೆದ್ದಿ," ಎಂದಳು.

"ಅಂವ ಏನಂದ ನಿಮಗೇನ ಗೊತ್ತು ಅತ್ತಿ?"

"ಗೊತ್ತಾಗದ ಏನು? ಮಳಿಗಾಲ ಪೂರಾ ನನ್ನ ತಲಿದಿಂಬಿನ ಬಾಜೂಕ ಕೂತು ಹೇಳಿಕೊಟ್ಟೀದಿ. ಮನಿಗಿ ಏನಂತಾರ, ಕೆಲಸಕ್ಕ ಏನಂತಾರ, ಎಲ್ಲಾ ಬರ್ತದ ನನಗ. ನಿಮ್ಮಪ್ಪನ ಮುಂದ ಅದನ್ನ ಹೇಳಾಕ ಬರ್ತದೇನು? ಅದಕ್ಕ ಹಂಗಂದೆ." ಬಗ್ಗಿ ನನ್ನ ಬೆನ್ನ ಮೇಲೆ ಕೈಯಿಟ್ಟಳು, ನಿಜವಾದ ಅಕ್ಕರೆಯಿಂದಲೇ. "ಮನಸ್ಸಿಗಿ ಹಚ್ಚಿಗೋಬ್ಯಾಡ ಹುಡುಗಿ. ಅಂವೇನು ಸುಳ್ಳು ಹೇಳ್ಯಾನ? ಮನಿ ಕೆಲಸ ನೀ ಮಾಡಿಲ್ಲೇನು?"